ಹೆಂಡತಿಯ ಒಡವೆ ಮಾರಿದ ದೊರೆ: ಈ ಕತೆ ಇನ್ನು ಸಾಕು

ಜನವರಿ 15 ಬಂತೆಂದರೆ ಸಾಕು, ಆ ಕತೆ ಮತ್ತೆ ಹೊರಡುತ್ತೆ. ಮುಲ್ಲಪೆರಿಯಾರ್ ಅಣೆಕಟ್ಟಿಗೆ ಬ್ರಿಟಿಷ್ ಸರ್ಕಾರ ದುಡ್ಡು ಕೊಡಲಿಲ್ಲವಂತೆ, ಕರ್ನಲ್ ಜಾನ್ ಪೆನ್ನಿಕ್ವಿಕ್ ಇಂಗ್ಲೆಂಡಿಗೆ ಹೋಗಿ ಮನೆ, ಆಸ್ತಿ, ಹೆಂಡತಿಯ ಒಡವೆ ಎಲ್ಲಾ ಮಾರಿ ಬಂದು ಕಟ್ಟಿ ಮುಗಿಸಿದನಂತೆ. ಈಗ ಕನ್ನಡದ ಬ್ಲಾಗುಗಳಲ್ಲೂ ಅದೇ ಅಂತೆ-ಕಂತೆ. ಓದಿ ಕಣ್ಣಲ್ಲಿ ನೀರು ಬಂತು ಅಂತ ಕೆಳಗೆ ಕಾಮೆಂಟು ಬೇರೆ.

ಸ್ವಾಮಿ, ಸ್ವಲ್ಪ ಲೆಕ್ಕ ಹಾಕಿ. 176 ಅಡಿ ಎತ್ತರ, 1200 ಅಡಿ ಉದ್ದದ ಗೋಡೆ. ಪಡುವಣಕ್ಕೆ ಹರಿಯೋ ಪೆರಿಯಾರ್ ನೀರನ್ನು ಮೂಡಣದ ವೈಗೈ ಕಡೆ ತಿರುಗಿಸೋಕೆ ಬೆಟ್ಟ ಕೊರೆದು ಮೈಲಿಗೂ ಮೀರಿದ ಸುರಂಗ. 1887ರಿಂದ 1895ರವರೆಗೆ ಕೆಲಸ. ಇದೆಲ್ಲಾ ಒಬ್ಬ ಮಿಲಿಟರಿ ಅಧಿಕಾರಿಯ ಹೆಂಡತಿಯ ಪೆಟ್ಟಿಗೆಯಿಂದ? ದುಡ್ಡು ಮದ್ರಾಸ್ ಸರ್ಕಾರದ್ದು. 1886ರಲ್ಲಿ ತಿರುವಾಂಕೂರಿನ ಜತೆ 999 ವರ್ಷದ ಗುತ್ತಿಗೆ ಮಾಡಿಕೊಂಡದ್ದೂ ಸರ್ಕಾರವೇ. 8000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ. ಕಾಡಲ್ಲಿ ದುಡಿದ ಮದ್ರಾಸ್ ಪಯೋನಿಯರ್ಸ್ ಸಿಪಾಯಿಗಳ ಸಂಬಳವೂ ಸರ್ಕಾರದ್ದೇ. ಈ ಯೋಜನೆಯ ಇತಿಹಾಸವನ್ನು ಎ.ಟಿ. ಮೆಕೆಂಜಿ 1899ರಲ್ಲೇ ಪುಸ್ತಕ ಮಾಡಿದ. ಅದನ್ನು ಓದೋಕೆ ಯಾರಿಗೆ ಪುರುಸೊತ್ತು? ಫಾರ್ವರ್ಡ್ ಒತ್ತೋದು ಸುಲಭ :)

ಸರ್ಕಾರಕ್ಕೆ ಏನು ಕರುಣೆ ಉಕ್ಕಿ ಬಂದಿರಲಿಲ್ಲ ಬಿಡಿ. 1876-78ರ ಬರದಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಗಟ್ಟಲೆ ಜನ ಸತ್ತ ಮೇಲೆ ಫೈಲು ಚುರುಕಾಯಿತು. ಹಾಕಿದ ದುಡ್ಡು ನೀರಿನ ಕಂದಾಯವಾಗಿ ರೈತರಿಂದ ವಾಪಸ್ ಬರುತ್ತೆ ಅನ್ನೋ ಲೆಕ್ಕ ಇತ್ತು. ಖಜಾನೆಯ ಹಣ ಅಂದರೆ ನಮ್ಮ ಮುತ್ತಜ್ಜಂದಿರಂಥವರು ಕಟ್ಟಿದ ಕಂದಾಯ ತಾನೆ? ಅದನ್ನ ದೊರೆಸಾನಿಯ ಒಡವೆ ಅಂತ ಬರೆದರೆ ಅವರ ಹೆಸರು ಅಳಿಸಿದ ಹಾಗೆ. ಈ ಕತೆ ಮೇಲೆ ನನಗಿರೋ ಸಿಟ್ಟೇ ಇದು.

ಇನ್ನೊಂದು. ಕೆಲಸದ ಹೊತ್ತಿಗೆ ರೋಗ ಬಡಿದು ಸತ್ತವರ ಅಧಿಕೃತ ಲೆಕ್ಕವೇ 483. ಮಲೇರಿಯಾದ ಕಾಡು ಅದು. ಅಣೆಕಟ್ಟಿನ ಹತ್ತಿರವೇ ಅವರನ್ನು ಹೂತ ಜಾಗ ಇದೆ. ಆ ಕತೆಯಲ್ಲಿ ಇವರಿಗೆ ಒಂದು ಸಾಲೂ ಇಲ್ಲ!

ಪೆನ್ನಿಕ್ವಿಕ್ ಸಣ್ಣವನು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ. ಹುಟ್ಟಿದ್ದು 1841ರಲ್ಲಿ, ಪುಣೆಯಲ್ಲಿ. ಎಂಟು ತುಂಬೋಕೆ ಎರಡು ದಿನ ಇರುವಾಗ ಅಪ್ಪ, ಅಣ್ಣ ಇಬ್ಬರೂ ಚಿಲಿಯನ್‌ವಾಲಾ ಯುದ್ಧದಲ್ಲಿ ಹೋದರು. ಮುಂದೆ ತಾನೂ ಸೇನೆಯ ಎಂಜಿನಿಯರ್ ಆದ. ಬಂಡು ಕಟ್ಟಿದಂತೆಲ್ಲಾ ನೆರೆ ಕೊಚ್ಚಿಕೊಂಡು ಹೋಗುತ್ತಿದ್ದ ಹೊಳೆಯಲ್ಲಿ ಸುಣ್ಣ, ಸುರ್ಕಿ ನೆಚ್ಚಿಕೊಂಡು ಪಟ್ಟು ಹಿಡಿದು ನಿಂತ. ಆಮೇಲೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥನಾದ, ಬ್ರಿಸ್ಬೇನ್ ನದಿಯ ನೆರೆಗೆ ಉಪಾಯ ಹೇಳೋಕೆ ಆಸ್ಟ್ರೇಲಿಯಾಕ್ಕೂ ಹೋಗಿ ಬಂದ. ಇಷ್ಟು ಸಾಲದೆ?

ಜತೆಗೆ ಕ್ರಿಕೆಟ್ ಹುಚ್ಚು! ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಆಟದ ಮೈದಾನದ ಹಿಂದೆಯೂ ಇವನ ಕೈ ಇದೆ. ನನಗೆ ಇಷ್ಟವಾಗೋದು ಈ ಮನುಷ್ಯ. ಸಂಬಳ ತಗೊಂಡು, ತನ್ನ ಕೆಲಸ ಚೆನ್ನಾಗಿ ಮಾಡಿ, ಬಿಡುವಾದಾಗ ಬ್ಯಾಟು ಚೆಂಡು ಹಿಡಿದವನು. ಆದರೆ ದೇವರಾದವನು ಕ್ರಿಕೆಟ್ ಆಡೋ ಹಾಗಿಲ್ಲ ನೋಡಿ, ಹಾಗಾಗಿ ಕತೆಯಿಂದ ಅದೂ ಔಟ್.

ತೇನಿ ಕಡೆಯ ರೈತರು ಅವನ ಹೆಸರಲ್ಲಿ ಪೊಂಗಲ್ ಇಡಲಿ, ನೀರು ಉಂಡವರ ಋಣ ಅದು. ಕೇರಳದ ಜತೆ ಜಗಳ ಇರೋದರಿಂದ ಅಲ್ಲಿ ಅವನ ಪ್ರತಿಮೆಗೆ ರಾಜಕೀಯದ ಬಣ್ಣವೂ ಇದೆ. ನಮಗೇನು ಬಂದಿದೆ? ನಮಗೂ ಇದೇ ಚಟ. ಕನ್ನಂಬಾಡಿ ಕಟ್ಟೆ ಅಂದ ಕೂಡಲೇ ರಾಣಿಯ ಒಡವೆ ನೆನಪಾಗುತ್ತೆ. ನೀರಲ್ಲಿ ಮುಳುಗಿದ ಹಳೇ ಕನ್ನಂಬಾಡಿ ಊರಿನವರು ಎಲ್ಲಿ ಹೋದರು ಅಂತ ಎಷ್ಟು ಜನ ಬ್ಲಾಗ್ ಬರೆದಿದ್ದೀವಿ ಹೇಳಿ?

ಬರೋ ಜನವರಿಗೆ ಯಾರಾದರೂ ಪೆನ್ನಿಕ್ವಿಕ್ ಬಗ್ಗೆ ಬರೆಯೋದಾದರೆ ಒಡವೆ ಬಿಟ್ಟು ಆ 483 ಜನರಿಂದ ಶುರು ಮಾಡಿ. ಲಿಂಕ್ ಕಳಿಸಿ, ಮೊದಲ ಕಾಮೆಂಟು ನನ್ನದೇ.