ಪೊಟರೆ ಮರ ಉಳಿಯಲಿ

‘ಮರ ಪೊಳ್ಳಾಗಿದೆ, ಕಡಿದರೆ ನಷ್ಟವೇನಿಲ್ಲ’ ಎಂಬ ಮಾತು ನಮ್ಮ ಉತ್ತರ ಕನ್ನಡದಲ್ಲಿ ಸಲೀಸಾಗಿ ಬರುತ್ತದೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ ನೋಡಿಕೊಂಡು ಬದುಕುವ ನಾನು ಈ ಮಾತನ್ನು ಒಪ್ಪಲಾರೆ. ಕೆಲಸಕ್ಕೆ ಬಾರದ್ದೆಂದು ನಾವು ತಳ್ಳಿಹಾಕುವ ಆ ಮರವೇ ಮಂಗಟ್ಟೆಗೆ ಬಾಣಂತಿ ಕೋಣೆ.

ಕೊಕ್ಕು ಎಷ್ಟೇ ದೊಡ್ಡದಿದ್ದರೂ ಮಂಗಟ್ಟೆ ಮರಕುಟಿಗದಂತೆ ಗಟ್ಟಿಮರ ಕೊರೆಯಲಾರದು. ಕೊಂಬೆ ಮುರಿದಲ್ಲಿ ನೀರಿಳಿದು, ಶಿಲೀಂಧ್ರ ಹಿಡಿದು, ತಿರುಳು ಕೊಳೆತು ಆದ ಪೊಟರೆಯೇ ಅದಕ್ಕೆ ಬೇಕು. ದೊಡ್ಡ ಮಂಗಟ್ಟೆ ಸುಮಾರು 3 ಕಿಲೋ ತೂಗುತ್ತದೆ. ಅದು ಮರಿಯೊಂದಿಗೆ ಹಿಡಿಸುವಷ್ಟು ಕಾಂಡ ದಪ್ಪವಾಗಲು ಎಷ್ಟೋ ದಶಕಗಳು ಬೇಕು. ಒಳಹೊಕ್ಕ ಹೆಣ್ಣು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಬಿಟ್ಟುಕೊಳ್ಳುತ್ತದೆ. ಅಲ್ಲಿದ್ದಾಗಲೇ ಅದರ ಹಾರುಗರಿಗಳು ಉದುರಿ ಹೊಸತು ಬರುತ್ತವೆ. ಅಲ್ಲಿಯವರೆಗೆ ಅದರ ಹೊಟ್ಟೆಪಾಡು ಗಂಡಿನ ಹೊಣೆ.

ಬೇಸಿಗೆಯಲ್ಲಿ ಗೂಡಿನಿಂದ ದೂರ, ಪೊದೆಯ ಮರೆಯಲ್ಲಿ ಕೂತರೆ ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಭರ್ರೆನ್ನುವ ಸದ್ದು ಕೇಳುತ್ತದೆ. ಗಂಡು ತೊಗಟೆಗೆ ಕಾಲೂರಿ, ಕತ್ತು ಕೊಂಕಿಸಿ, ಗಂಟಲಿನಿಂದ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿಗೆ ಒಡ್ಡುತ್ತದೆ. ಅತ್ತಿ, ಗೋಳಿ, ರಾಮಪತ್ರೆ ಒಂದಾದ ಮೇಲೊಂದು ಒಳಹೋಗುತ್ತವೆ. ಹೀಗೆ ನುಂಗಿದ ಹಣ್ಣುಗಳ ಬೀಜ ಕಾಡಿನ ತುಂಬ ಬಿದ್ದು ಮೊಳೆಯುತ್ತದೆ. ದೊಡ್ಡ ಬೀಜಗಳನ್ನು ಹೀಗೆ ದೂರಕ್ಕೆ ಒಯ್ಯುವ ಹಕ್ಕಿಗಳು ಘಟ್ಟದಲ್ಲಿ ಹೆಚ್ಚಿಲ್ಲ.

ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಅದು ಹೆಮ್ಮೆಯ ಕೆಲಸ. ಆದರೆ ಹಕ್ಕಿಗೆ ಮೀಸಲಿನ ಗಡಿ ಗೊತ್ತಿಲ್ಲ. ರಸ್ತೆ ಬದಿಯ ಮರದಲ್ಲೂ ಮಾಲ್ಕಿ ಜಮೀನಿನ ಮರದಲ್ಲೂ ಅದು ಗೂಡು ಹೂಡುತ್ತದೆ, ವರ್ಷ ವರ್ಷವೂ ಅದೇ ಪೊಟರೆಗೆ ಮರಳುತ್ತದೆ. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆಂಬ ಭರವಸೆ ಇಲ್ಲಿ ಲೆಕ್ಕಕ್ಕೆ ಬಾರದು. ಬರುವ ಬೇಸಿಗೆಗೆ ಸಸಿಯಲ್ಲಿ ಪೊಟರೆ ಇರುವುದಿಲ್ಲ.

ಅರಣ್ಯ ಇಲಾಖೆ ಕಡಿಯುವ ಮರಗಳಿಗೆ ಗುರುತು ಹಾಕುವ ಮುನ್ನ ಪೊಟರೆ ಇದೆಯೇ ಎಂದು ನೋಡುವುದನ್ನು ಕಡ್ಡಾಯ ಮಾಡಲಿ. ಜೀವಕ್ಕೆ ಅಪಾಯವಿಲ್ಲದಿದ್ದರೆ ಅಂಥ ಮರವನ್ನು ಪಟ್ಟಿಯಿಂದ ಕೈಬಿಡಲಿ. ರಸ್ತೆ ಅಗಲಿಸುವಾಗ ಸಾಧ್ಯವಿದ್ದಲ್ಲಿ ಅಂಚು ತುಸು ಸರಿಯಲಿ. ಬೆಳೆಗಾರರಾದ ನಾವೂ ನಮ್ಮ ಜಾಗದ ಪೊಟರೆ ಮರಗಳನ್ನು ಗುರುತಿಸಿ, ಕೆಲಸಕ್ಕೆ ಬರುವವರಿಗೆ ತೋರಿಸಿ, ಕೊಡಲಿ ತಾಗದಂತೆ ನೋಡಿಕೊಳ್ಳೋಣ. ಅದಕ್ಕೆ ಯಾವ ಅನುದಾನವೂ ಬೇಡ.