ಹೊಸ ಆಟ, ಮೊದಲ ಅರ್ಧ ಗಂಟೆ

ಶಂಕರಪುರಂನಲ್ಲಿ, ಶಂಕರಮಠಕ್ಕೆ ನಾಲ್ಕು ಹೆಜ್ಜೆ ದೂರದ ಹಳೆಯ ಮನೆಯೊಂದರಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಹನ್ನೆರಡು ವರ್ಷ. ಬೆಳಿಗ್ಗೆ ಗಾಂಧಿಬಜಾರಿನವರೆಗೆ ನಡಿಗೆ, ಮಧ್ಯಾಹ್ನ ಪದಬಂಧ, ಸಂಜೆ ಯಾರಾದರೂ ಸಿಕ್ಕರೆ ಚದುರಂಗ. ಜೂನ್ ತಿಂಗಳಲ್ಲಿ ಅವರ ಮೊಮ್ಮಗ ಶಿವಮೊಗ್ಗದಿಂದ ಬಂದು ಈ ಮನೆ ಸೇರಿದ. ಅಪ್ಪನಿಗೆ ವರ್ಗವಾಗಿತ್ತು. ಏಳನೆಯ ತರಗತಿ, ಹೊಸ ಶಾಲೆ, ಗುರುತಿನ ಮುಖ ಒಂದೂ ಇಲ್ಲ. ಹುಡುಗ ಶಾಲೆಯಿಂದ ಬಂದವನೇ ಟ್ಯಾಬ್ಲೆಟ್ ಹಿಡಿದು ಮೂಲೆ ಸೇರುತ್ತಿದ್ದ.

“ಬೈದು ನೋಡಿದೆ, ಕಿತ್ತಿಟ್ಟು ನೋಡಿದೆ. ಒಂದು ದಿನ ರಾತ್ರಿ ಊಟ ಬಿಟ್ಟು ಮಲಗಿದ. ಕೊನೆಗೆ ಪಕ್ಕದಲ್ಲಿ ಕೂತು, ನನಗೂ ಹೇಳಿಕೊಡೋ ಅಂದೆ. ‘ಬಿಡಿ ತಾತ, ನಿಮಗೆ ಬರಲ್ಲ’ ಅಂದುಬಿಟ್ಟ. ಮೂರು ತಿಂಗಳಲ್ಲಿ ಅವನು ನನ್ನ ಹತ್ತಿರ ಆಡಿದ ಅತಿ ಉದ್ದದ ವಾಕ್ಯ ಅದೇ” ಎಂದು ಮಿತ್ರರು ಫೋನಿನಲ್ಲಿ ಹೇಳಿದರು. ಹುಡುಗ ಶಾಲೆಗೆ ಹೋದಾಗ ತಾವೇ ಗುಟ್ಟಾಗಿ ಪ್ರಯತ್ನಿಸಿದ್ದರಂತೆ. ಹತ್ತು ನಿಮಿಷಕ್ಕೆ ಪರದೆ ಕತ್ತಲಾಯಿತು, ಹಸಿರು ಬಣ್ಣದ್ದೇನೋ ಬೆನ್ನ ಹಿಂದೆ ಸುಸ್ಸೆಂದು ಬಂದು ಸಿಡಿಯಿತು. ಮೂರು ಸಲವೂ ಅದೇ ಕಥೆ. “ಈ ಆಟ ನಾನು ಕಲೀಲೇಬೇಕು. ದಾರಿ ಹೇಳು.”

ಆ ಆಟ ಮೈನ್‌ಕ್ರಾಫ್ಟ್. ಸ್ವೀಡನ್ನಿನಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದದ್ದು. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು ತಯಾರಿಸಿದ ಕಂಪನಿಯನ್ನೇ 250 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಮಿತ್ರರಿಗಾದ ಗತಿ ಹೊಸ ಆಟದ ಮುಂದೆ ಕೂತ ಯಾವ ವಿದ್ಯಾರ್ಥಿಗೂ ಆಗುವಂಥದೇ. ಗೆಳೆಯರೆಲ್ಲ ಸಲೀಸಾಗಿ ಆಡುತ್ತಿರುತ್ತಾರೆ, ನಮ್ಮದು ಮಾತ್ರ ಎರಡು ನಿಮಿಷಕ್ಕೆ ಮುಗಿಯುತ್ತದೆ, ನಾಲ್ಕು ಜನ ನಗುತ್ತಾರೆ. ಆದ್ದರಿಂದ ಈ ವಾರದ ಅಂಕಣ ಅವರಿಗೂ ನಿಮಗೂ ಕೂಡಿಯೇ.

ಒಳ್ಳೆಯ ಆಟದ ಮೊದಲ ಕೆಲವು ನಿಮಿಷಗಳೇ ಅದರ ಪಾಠಶಾಲೆ. 1985ರ ಸೂಪರ್ ಮಾರಿಯೋ ನೆನಪಿಸಿಕೊಳ್ಳಿ. ತೊಂಬತ್ತರ ದಶಕದಲ್ಲಿ ಟೀವಿಗೆ ಸಿಕ್ಕಿಸುವ ಕ್ಯಾಸೆಟ್ಟುಗಳಲ್ಲಿ ಅದನ್ನು ಆಡಿದ ಅಪ್ಪ ಅಮ್ಮಂದಿರು ಈಗ ಇದನ್ನು ಓದುತ್ತಿರಬಹುದು. ಮಾರಿಯೋ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಎದುರಿಗೆ ಬಯಲು. ಬಲಕ್ಕೆ ಹೋಗು ಎಂದು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಬಲಕ್ಕೇ ಹೋಗುತ್ತಾರೆ. ಅಷ್ಟರಲ್ಲಿ ಒಂದು ಅಣಬೆಯಾಕಾರದ ಪ್ರಾಣಿ ನಿಧಾನವಾಗಿ ನಡೆದು ಬರುತ್ತದೆ. ಮುಟ್ಟಿದರೆ ಸಾವು. ಹಾಗೆ ಸತ್ತರೆ ನಷ್ಟ ಹತ್ತು ಸೆಕೆಂಡು ಮಾತ್ರ. ಮುಂದಿನ ಸಲ ಕೈ ತಾನಾಗಿ ಹಾರುವ ಗುಂಡಿ ಹುಡುಕುತ್ತದೆ. ಆ ಸಾವನ್ನು ಆಟ ಕಟ್ಟಿದವರು ಬೇಕೆಂದೇ ಅಲ್ಲಿ ಇಟ್ಟಿದ್ದಾರೆ. ಹೊಸ ಆಟದಲ್ಲಿ ಬೇಗ ಸೋತಾಗ, ಯಾವುದರಿಂದ ಸೋತೆ ಎಂದು ಒಂದು ಕ್ಷಣ ನೋಡಿ. ಉತ್ತರ ಸಾಮಾನ್ಯವಾಗಿ ಪರದೆಯ ಮೇಲೇ ಇರುತ್ತದೆ.

ಇನ್ನೊಂದು ಉದಾಹರಣೆ, ನನಗೆ ಬಹಳ ಪ್ರಿಯವಾದದ್ದು: 1989ರ ಪ್ರಿನ್ಸ್ ಆಫ್ ಪರ್ಷಿಯಾ. ರಾಜಕುಮಾರಿಯನ್ನು ಬಿಡಿಸಲು ಒಂದೇ ಗಂಟೆ ಕಾಲ. ಗಡಿಯಾರ ಓಡುತ್ತಿದೆ ಎಂಬ ಗಾಬರಿಗೆ ನಾವೆಲ್ಲ ಓಡುತ್ತಿದ್ದೆವು, ಗುಂಡಿಗೆ ಬಿದ್ದು ಸಾಯುತ್ತಿದ್ದೆವು, ನೆಲದಿಂದ ಏಳುವ ಮುಳ್ಳುಗಳಿಗೆ ಸಿಕ್ಕಿ ಸಾಯುತ್ತಿದ್ದೆವು. ಮೊದಲ ಹಂತದಲ್ಲೇ ಕತ್ತಿ ಒಂದು ಕಡೆ ಬಿದ್ದಿರುತ್ತದೆ. ಅದನ್ನು ಹುಡುಕದೆ ಕಾವಲುಗಾರನ ಎದುರು ಹೋದರೆ ಅವನ ಒಂದೇ ಏಟಿಗೆ ಕಥೆ ಮುಗಿಯಿತು. ವಾರಗಟ್ಟಲೆ ಒದ್ದಾಡಿದ ಮೇಲೆ ಯಾರೋ ಒಬ್ಬ ಹುಡುಗ ಶಿಫ್ಟ್ ಕೀಲಿ ಒತ್ತಿ ಹಿಡಿದು ನಡೆದು ತೋರಿಸಿದ. ರಾಜಕುಮಾರ ಒಂದೊಂದೇ ಹೆಜ್ಜೆ ಇಡತೊಡಗಿದ! ಅಂಚಿಗೆ ಬಂದು ನಿಂತ, ಮುಳ್ಳುಗಳ ನಡುವೆ ಕಾಲಿಟ್ಟು ದಾಟಿದ. ಆ ಕೀಲಿ ನಮ್ಮ ಬೆರಳಿನ ಕೆಳಗೇ ಇತ್ತು, ಯಾರೂ ಒತ್ತಿ ನೋಡಿರಲಿಲ್ಲ.

ಆದ್ದರಿಂದ ಹೊಸ ಆಟ ತೆರೆದ ಕೂಡಲೇ ಗೆಲ್ಲಲು ಹೊರಡಬೇಡಿ. ಮೊದಲ ಅರ್ಧ ಗಂಟೆಯನ್ನು ಕೈಬಿಟ್ಟ ಲೆಕ್ಕಕ್ಕೆ ಬರೆದುಬಿಡಿ. ಶತ್ರುಗಳಿಲ್ಲದ ಜಾಗ ನೋಡಿಕೊಂಡು ಪ್ರತಿಯೊಂದು ಗುಂಡಿಯನ್ನೂ ಒತ್ತಿ, ಒತ್ತಿ ಹಿಡಿದು, ಎರಡು ಸಲ ಒತ್ತಿ ನೋಡಿ. ಅದಕ್ಕೂ ಮೊದಲು ಸೆಟ್ಟಿಂಗ್ಸ್ ಪುಟ ತೆರೆಯಿರಿ; ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಮಾಡುವುದಿಲ್ಲ. ಅಕ್ಷರ ಚಿಕ್ಕದಾಗಿದ್ದರೆ ದೊಡ್ಡದು ಮಾಡಿ. ಮಾತು ಅರ್ಥವಾಗದಿದ್ದರೆ ಪರದೆಯ ಕೆಳಗೆ ಅಕ್ಷರಗಳಲ್ಲಿ ಬರುವಂತೆ ಮಾಡಿ. ಕಷ್ಟದ ಮಟ್ಟವನ್ನು ಸುಲಭಕ್ಕೆ ಇಳಿಸಿ, ಇದರಲ್ಲಿ ನಾಚಿಕೆಯೇನೂ ಇಲ್ಲ. ಅಂದ ಹಾಗೆ, ಕಂಪ್ಯೂಟರಿನಲ್ಲಿ ಆಡುವ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಎಷ್ಟು ಜನ ಕನ್ನಡದ ಹುಡುಗರು ಆ ಪಟ್ಟಿಯನ್ನು ಕೊನೆಯವರೆಗೆ ಎಳೆದು ನೋಡಿದ್ದಾರೋ!

ಯೂಟ್ಯೂಬಿನಲ್ಲಿ ಆಟ ಪೂರ್ತಿ ನೋಡಿ ಆಮೇಲೆ ಆಡುವವರುಂಟು. ಅದು ಪದಬಂಧದ ಉತ್ತರ ನೋಡಿಕೊಂಡು ಚೌಕ ತುಂಬಿದ ಹಾಗೆ. ಒಂದೇ ಕಡೆ ಇಪ್ಪತ್ತು ನಿಮಿಷ ಸಿಕ್ಕಿಕೊಂಡರೆ ಆ ಒಂದು ಜಾಗದ ಸುಳಿವು ಮಾತ್ರ ನೋಡಿ, ತಕ್ಷಣ ಮುಚ್ಚಿ. ಇನ್ನು, ಆಟವನ್ನು ಉಳಿಸಿಡಲು ಎರಡು ಮೂರು ಜಾಗ ಕೊಟ್ಟಿದ್ದರೆ ಒಂದರ ಮೇಲೇ ಮತ್ತೆ ಮತ್ತೆ ಬರೆಯಬೇಡಿ, ಬದಲಾಯಿಸಿ ಬರೆಯಿರಿ. ಅಪಾಯದ ಜಾಗದಲ್ಲಿ ಉಳಿಸಿಟ್ಟು, ತೆರೆದಾಗಲೆಲ್ಲ ಸಾಯುತ್ತ ಅತ್ತ ಹುಡುಗರನ್ನು ನಾನು ಕಂಡಿದ್ದೇನೆ.

ಮಿತ್ರರಿಗೆ ನಾನು ಇದನ್ನೆಲ್ಲ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿದೆ: “ಚದುರಂಗ ಬಾರದವನಿಗೆ ನೀವು ಹೇಗೆ ಕಲಿಸುತ್ತೀರಿ?” ಅವರು ತಟ್ಟನೆ, “ಖಾಲಿ ಮಣೆಯ ಮೇಲೆ ಒಂದು ಕುದುರೆ ಇಟ್ಟು ಓಡಾಡಿಸು ಅಂತೀನಿ” ಎಂದರು. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸಿ ಸುತ್ತಿಸುವ ಸಮಸ್ಯೆಗೆ ಪರಿಹಾರ ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡಿನವರಲ್ಲವೇ ನಾವು! ಮೈನ್‌ಕ್ರಾಫ್ಟ್‌ನಲ್ಲೂ ಅಂಥ ಖಾಲಿ ಮಣೆಯಿದೆ. ಹೊಸ ಲೋಕ ತೆರೆಯುವಾಗ ‘ಕ್ರಿಯೇಟಿವ್’ ಎಂದು ಆರಿಸಿದರೆ ಹಸಿವಿಲ್ಲ, ಸಾವಿನ ಭಯವಿಲ್ಲ, ಎಲ್ಲ ಸಾಮಗ್ರಿಯೂ ಕೈಯಲ್ಲೇ. ಎರಡು ದಿನ ಅಲ್ಲಿ ನಡೆಯುವುದು, ಹಾರುವುದು, ಇಟ್ಟಿಗೆ ಇಡುವುದು ಕಲಿಯಿರಿ ಎಂದೆ. ಆಮೇಲೆ ನಿಜವಾದ ಆಟಕ್ಕೆ ಬಂದರೂ ಕಷ್ಟದ ಮಟ್ಟವನ್ನು ‘ಪೀಸ್‌ಫುಲ್’ಗೆ ಇಟ್ಟರೆ ದೆವ್ವಗಳ ಕಾಟವಿಲ್ಲ.

ಧೈರ್ಯ ಬಂದ ಮೇಲೆ ಲೆಕ್ಕ ಹೀಗೆ. ಆ ಲೋಕದ ಒಂದು ದಿನ ನಮ್ಮ 20 ನಿಮಿಷ. ಅದರಲ್ಲಿ ಪೂರ್ಣ ಬೆಳಕು ಸುಮಾರು 10 ನಿಮಿಷ. ಆ ಹತ್ತು ನಿಮಿಷದಲ್ಲಿ ಊರು ನೋಡಲು ಹೋದರೆ ಕೆಟ್ಟಿರಿ. ಮೊದಲು ಮರ. ಕಾಂಡದ ಮೇಲೆ ಬೆರಳು ಒತ್ತಿ ಹಿಡಿದರೆ ತುಂಡಾಗುತ್ತದೆ. (ಬುಡ ಕಡಿದರೂ ಮೇಲಿನ ಮರ ಬೀಳುವುದಿಲ್ಲ, ಗಾಳಿಯಲ್ಲೇ ನಿಲ್ಲುತ್ತದೆ. ನ್ಯೂಟನ್ನನನ್ನು ಕೇಳಬೇಡಿ.) ಮರದಿಂದ ಹಲಗೆ, ಹಲಗೆಯಿಂದ ಕೆಲಸದ ಮೇಜು, ಆಮೇಲೆ ಗುದ್ದಲಿ. ಮೂರು ಕುರಿಗಳ ಉಣ್ಣೆ ಮತ್ತು ಮೂರು ಹಲಗೆ ಸಿಕ್ಕರೆ ಹಾಸಿಗೆ. ರಾತ್ರಿ ಅದರಲ್ಲಿ ಮಲಗಿದರೆ ನೇರ ಬೆಳಗಾಗುತ್ತದೆ. ಅಷ್ಟೇ ಅಲ್ಲ, ಮುಂದೆ ಸತ್ತರೆ ಎಚ್ಚರವಾಗುವುದೂ ಆ ಹಾಸಿಗೆಯ ಬಳಿಯೇ. ಹಾಸಿಗೆ ಆಗಲಿಲ್ಲವೇ, ಗುಡ್ಡದ ಪಕ್ಕಕ್ಕೆ ಮೂರು ಹೆಜ್ಜೆ ಕೊರೆದು ಒಳಗೆ ಹೋಗಿ ಬಾಗಿಲಿಗೆ ಮಣ್ಣು ಹಾಕಿಕೊಂಡು ಬೆಳಗಿನವರೆಗೆ ಕೂರಿ. ಕಾಲ ಕೆಳಗೆ ನೇರವಾಗಿ ಮಾತ್ರ ಅಗೆಯಬೇಡಿ, ಕುದಿಯುವ ಲಾವಾದಲ್ಲಿ ಬೀಳುತ್ತೀರಿ. ಸತ್ತರೆ ಕೈಲಿದ್ದ ಸಾಮಾನು ಸತ್ತ ಜಾಗದಲ್ಲೇ ಚೆಲ್ಲುತ್ತದೆ, ಐದು ನಿಮಿಷದೊಳಗೆ ಹೋಗಿ ಆರಿಸಿಕೊಳ್ಳಬೇಕು. ಇದಕ್ಕಾಗಿ ಸೆಟ್ಟಿಂಗ್ಸ್‌ನಲ್ಲಿ ನೀವಿರುವ ಜಾಗದ ಅಂಕಿಗಳು ಪರದೆಯ ಮೇಲೆ ಕಾಣುವಂತೆ ಮಾಡಿ, ಮನೆಯ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದಿಡಿ ಎಂದೂ ಹೇಳಿದ್ದೆ. ಬ್ಯಾಂಕಿನವರಲ್ಲವೇ, ಹಳೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ತಂದೆ ತಾಯಂದಿರಿಗೆ ಎರಡು ಮಾತು. ಮೈನ್‌ಕ್ರಾಫ್ಟ್‌ನಂಥ ಆಟವನ್ನು ಒಬ್ಬರೇ ಆಡುವಾಗ ನಡುವೆ ನಿಲ್ಲಿಸಿ ಊಟಕ್ಕೆ ಬರಬಹುದು. ಆದರೆ 2020ರಲ್ಲಿ ಪಬ್‌ಜಿ ನಿಷೇಧವಾದ ಮೇಲೆ 2021ರಲ್ಲಿ ಬಂದ ಬಿಜಿಎಂಐನಂಥ ಆಟದಲ್ಲಿ ನೂರು ಜನ ಒಂದೇ ದ್ವೀಪದಲ್ಲಿ ಇಳಿದಿರುತ್ತಾರೆ, ನಿಲ್ಲಿಸುವ ಗುಂಡಿಯೇ ಇರುವುದಿಲ್ಲ. ನಡುವೆ ಎದ್ದರೆ ಜೊತೆಗಾರರಿಗೆ ಕೈಕೊಟ್ಟಂತೆ. “ಈಗಲೇ ಏಳು” ಎನ್ನುವ ಬದಲು “ಇದು ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ” ಎಂದರೆ ಅರ್ಧ ಜಗಳ ತಪ್ಪುತ್ತದೆ. ಖರೀದಿಗೆ ಪ್ರತಿ ಸಲವೂ ಪಾಸ್‌ವರ್ಡ್ ಕೇಳುವಂತೆ ಫೋನಿನಲ್ಲಿ ಇಂದೇ ಬದಲಾಯಿಸಿ. ಪುಕ್ಕಟೆ ಆಟಗಳು ಹಣ ಕೇಳುವುದು ಹುಡುಗ ಸೋತು ಕುದಿಯುತ್ತಿರುವ ಕ್ಷಣದಲ್ಲೇ. ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮಾತಂತೂ ಬೇಡ, 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿ ಅವನ್ನು ನಿಷೇಧಿಸಿತು. ಅಪರಿಚಿತರೊಂದಿಗೆ ಮಾತಾಡುವ ಸೌಲಭ್ಯ ಮುಚ್ಚಿರಲಿ. ಆಟಕ್ಕಾಗಿ ನಿದ್ದೆ, ಶಾಲೆ ಎಲ್ಲ ಬಿಡುವ ಹಂತ ಬಂದರೆ ಅದು ಬೇರೆ ಸಂಗತಿ. ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇದಕ್ಕೆಂದೇ ಒಂದು ಚಿಕಿತ್ಸಾಲಯ ಆರಂಭವಾಯಿತು, ಹೋಗಲು ಸಂಕೋಚ ಬೇಡ.

ನಮ್ಮ ಹುಡುಗ ಆ ಹಂತದವನಲ್ಲ. ತಾತ ತಮ್ಮ ಫೋನಿನಲ್ಲಿ ಅಭ್ಯಾಸ ಮಾಡಿ, ಮನೆಯ ವೈಫೈ ಮೂಲಕ ಒಂದು ಸಂಜೆ ಅವನ ಲೋಕದೊಳಗೇ ಹೋಗಿ ನಿಂತರು. ಅವನು ಬೇಡವೆನ್ನಲಿಲ್ಲ, ಮಾತೂ ಆಡಲಿಲ್ಲ. ತಾತ ಅವನ ಮನೆಯ ಪಕ್ಕ ಒಂದು ಗುಡಿಸಲು ಕಟ್ಟಿಕೊಂಡು, ಕುರಿಗೆ ಬೇಲಿ ಹಾಕಿ, ದಿನಾ ಅರ್ಧ ಗಂಟೆ ತಮ್ಮ ಪಾಡಿಗೆ ತಾವಿದ್ದರು. ಎಂಟು ಹತ್ತು ದಿನ ಕಳೆದ ಮೇಲೆ ಹುಡುಗ ವಜ್ರ ಹುಡುಕುತ್ತ ಗುಹೆಗಳಲ್ಲಿ ಅಲೆದು ದಾರಿ ತಪ್ಪಿದ. ಚೀಲದ ತುಂಬ ಸಾಮಾನು, ಹೊತ್ತು ಮುಳುಗುತ್ತಿದೆ, ಮನೆ ಯಾವ ದಿಕ್ಕಿನಲ್ಲಿದೆಯೋ ಗೊತ್ತಿಲ್ಲ. ಅಳು ಬರುವಂತಾಗಿತ್ತು. ತಾತ ಎದ್ದು ಹೋಗಿ ಡೈರಿ ತಂದು, ಕನ್ನಡಕ ಏರಿಸಿ, ಅಂಕಿಗಳನ್ನು ಓದಿ ಹೇಳಿದರು.

“ಬರ್ಕೊಂಡಿದ್ರಾ ತಾತ?” ಎಂದನಂತೆ ಹುಡುಗ.

ಈಗ ಶನಿವಾರ ಮಧ್ಯಾಹ್ನ ಅವನ ತರಗತಿಯ ಹುಡುಗನೊಬ್ಬ ಚಾಮರಾಜಪೇಟೆಯಿಂದ ಇವರ ಮನೆಗೆ ಬರುತ್ತಾನೆ. ಮೂವರೂ ಆಡುತ್ತಾರೆ. ಮೊನ್ನೆ ಮಿತ್ರರು ಮತ್ತೆ ಫೋನ್ ಮಾಡಿದ್ದರು, ಸ್ವಲ್ಪ ಕೋಪದಲ್ಲೇ. ಆ ಆಟದಲ್ಲಿ ಕುರಿಗೆ ಬಣ್ಣ ಹಚ್ಚಬಹುದಂತೆ, ಹಚ್ಚಿದ ಮೇಲೆ ಉಣ್ಣೆಯೂ ಅದೇ ಬಣ್ಣದ್ದು ಬರುತ್ತದಂತೆ. “ಹುಡುಗರಿಗೆಲ್ಲ ಗೊತ್ತಿದೆ. ನೀನ್ಯಾಕೆ ನನಗೆ ಮೊದಲೇ ಹೇಳಲಿಲ್ಲ?”