ಹಳೆ ತೊಲೆಗೊಂದು ಹೊಸ ಕೆಲಸ
ಮಲೆನಾಡಿನಲ್ಲಿ ಹಳೆಯ ಮನೆ ಕಳಚುವಾಗ ಕೆತ್ತನೆಯ ಬಾಗಿಲು, ಕಂಬಗಳಿಗೆ ಕೊಳ್ಳುವವರು ಬೇಗ ಸಿಗುತ್ತಾರೆ. ಅಟ್ಟ ಹೊತ್ತಿದ್ದ ಮತ್ತಿಯ ತೊಲೆ, ಹೊನ್ನೆಯ ಜಂತೆಗಳು ಮಾತ್ರ ಎಷ್ಟೋ ಸಲ ಬಚ್ಚಲ ಒಲೆ ಸೇರುತ್ತವೆ. ನನಗದು ನಿಜಕ್ಕೂ ಸಂಕಟ. ದಶಕಗಟ್ಟಲೆ ಸೂರಿನಡಿ ಒಣಗಿದ ಆ ಮರ ಬಡಗಿಯ ಕೆಲಸದ ಮೇಜಿಗೆ ಹೇಳಿ ಮಾಡಿಸಿದ್ದು. ಅದರ ಭಾರಕ್ಕೆ, ಉಜ್ಜುಗೊರಡನ್ನು ಎಷ್ಟು ಜೋರಾಗಿ ತಳ್ಳಿದರೂ ಮೇಜು ಜರುಗದು. ಮತ್ತಿ ಉಳಿಯ ಬಾಯನ್ನು ಬೇಗ ಮೊಂಡಾಗಿಸುತ್ತದೆ, ನಿಜ; ಆದರೂ ಬಿಡಬಾರದು. ಮೊದಲ ಕೆಲಸ ಮೊಳೆ ಹುಡುಕುವುದು. ತಲೆ ಮುರಿದು ಒಳಗುಳಿದ ಒಂದೇ ಮೊಳೆ ಸಾಕು, ಗರಗಸದ ಹಲ್ಲು ಹಾರಿಸಲು. ಕಬ್ಬಿಣಕ್ಕೆ ಮರದ ಟ್ಯಾನಿನ್ ತಾಗಿದ ಕಡೆ ಕಪ್ಪು ಕಲೆ ಮೂಡಿರುತ್ತದೆ, ಅದೇ ಸುಳಿವು; ಆಯಸ್ಕಾಂತ ಆಡಿಸಿದರೆ ಖಾತ್ರಿ. ಬಳಿಕ ತೊಲೆಯನ್ನು ಪಟ್ಟಿಗಳಾಗಿ ಸೀಳಿ, ಅಂಟು ಹಾಕುವ ದಿನವೇ ಅಂಚುಗಳನ್ನು ಉಜ್ಜಿ ಹೊಸ ಮೈ ತೆಗೆದು, ಪಕ್ಕಪಕ್ಕ ಜೋಡಿಸಿ ಕ್ಲ್ಯಾಂಪಿನಲ್ಲಿ ಬಿಗಿಯಬೇಕು. ಎಷ್ಟೇ ಹಳೆಯದಾದರೂ ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಲಗೆಯನ್ನು ಕಾಲಿನ ಚೌಕಟ್ಟಿಗೆ ಕೂರಿಸುವ ಬೋಲ್ಟಿನ ತೂತನ್ನು ಅಗಲದ ದಿಕ್ಕಿನಲ್ಲಿ ಸ್ವಲ್ಪ ಎಳೆದು ಕೊರೆಯಬೇಕು, ಇಲ್ಲವಾದರೆ ಹಲಗೆ ಸೀಳುತ್ತದೆ. ಮೇಲ್ಮೈಗೆ ವಾರ್ನಿಷ್ ಬೇಡ, ಕೆಲಸದ ಮರ ಜಾರುತ್ತದೆ. ಅಗಸೆ ಎಣ್ಣೆ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿ ಕಾದು ಬೆಂಕಿ ಹಿಡಿಯಬಹುದು. ಹೊರಗೆ ಹರವಿ ಒಣಗಿಸಿ.